ಮೂವತ್ತೇಳು ಹೆಚ್ಚು

ಸ್ವಂತ ಫೋನ್ ನಂಬರು ಕೇಳಿದರೆ ಸ್ಲೈಡಕ್ಕ ಒಂದು ಗಳಿಗೆ ತಡವರಿಸುತ್ತಾಳೆ. ಆದರೆ 198.51.100.2 ಎಂಬ ಸಂಖ್ಯೆ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹದಿನಾಲ್ಕು ವರ್ಷಗಳಿಂದ ಫೋನಿನಲ್ಲಿ ಹೇಳಿ ಹೇಳಿ ಅದಕ್ಕೊಂದು ರಾಗವೇ ಬಂದುಬಿಟ್ಟಿದೆ: ನೂರಾ ತೊಂಬತ್ತೆಂಟು ಚುಕ್ಕಿ, ಐವತ್ತೊಂದು ಚುಕ್ಕಿ, ನೂರು ಚುಕ್ಕಿ, ಎರಡು.

ಅದು ಒಂದು ಜಾಲತಾಣದ ವಿಳಾಸ. ಊರಿನ ಉಳಿದ ತಾಣಗಳಿಗೆಲ್ಲ ಹೆಸರಿದೆ, ಇದಕ್ಕೆ ಬರೀ ಸಂಖ್ಯೆ. ಸಸ್ಯ ಸಂಶೋಧನಾಲಯದ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ, ಬೀರುಗಳ ಸಾಲಿನ ಪಕ್ಕ ಗುಂಯ್‌ಗುಟ್ಟುವ ಒಂದು ಹಳೆಯ ಕಂಪ್ಯೂಟರಿನಲ್ಲಿ ಅದರ ವಾಸ. ಎಲೆ, ಕಾಂಡ, ಬೀಜಗಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ, ಅಂದರೆ ಸ್ಲೈಡಿನ ಮೇಲೆ, ಕೂರಿಸುವುದು ಸ್ಲೈಡಕ್ಕನ ಕೆಲಸ. ಹೆಬ್ಬೆರಳಿನ ಉಗುರಿಗೆ ಹತ್ತಿದ ಕೆಂಪು ಯಾವ ಸೋಪಿಗೂ ಜಗ್ಗಿದ್ದಿಲ್ಲ. ಅಂಥ ಗಾಜುಗಳ ಚಿತ್ರ ತೆಗೆದು, ಒಂದು ಗಾಜಿಗೆ ಒಂದು ಪುಟದಂತೆ ಅವಳು ಕೈಯಾರೆ ಬರೆದದ್ದು ಆರು ಸಾವಿರದ ನೂರಾ ನಲವತ್ತು ಪುಟ. ಯಾರಾದರೂ ಗೊತ್ತಿಲ್ಲದ ಎಲೆಯನ್ನೋ ಬೀಜವನ್ನೋ ನುಂಗಿ ಆಸ್ಪತ್ರೆಗೆ ಬಂದರೆ, ಅಲ್ಲಿಯವರು ಉಳಿದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಈ ಚಿತ್ರಗಳ ಜೊತೆ ಹೋಲಿಸಿ, ವಿಷವೋ ಅಲ್ಲವೋ ಎಂದು ತಿಳಿದುಕೊಳ್ಳುತ್ತಾರೆ. ವಿಷ ಸಹಾಯವಾಣಿಯ ನರ್ಸುಗಳಿಗಂತೂ ಅದು ದಿನಬಳಕೆಯ ವಸ್ತು.

ಸಂಖ್ಯೆ ಬಂದ ದಿನ ಸ್ಲೈಡಕ್ಕನಿಗೆ ಚೆನ್ನಾಗಿ ನೆನಪಿದೆ. ಇಂಟರ್ನೆಟ್ ಎಳೆಯಲು ಬಂದವನು ಒಂದು ಚೀಟಿಯಲ್ಲಿ ಬರೆದುಕೊಟ್ಟು, "ಇದೇ ನಿಮ್ಮ ವಿಳಾಸ, ಕಳ್ಕೋಬೇಡಿ" ಎಂದಿದ್ದ. ಅವಳು ಚೀಟಿ ನೋಡಿ ನಕ್ಕುಬಿಟ್ಟಿದ್ದಳು. ಅವರ ಸಂಗ್ರಹದಲ್ಲಿ ಪ್ರತಿ ಗಾಜಿನ ಸಂಖ್ಯೆಯೂ ಹೀಗೇ ನಾಲ್ಕು ತುಂಡು, ನಡುವೆ ಮೂರು ಚುಕ್ಕಿ. ಮೊದಲನೆಯದು ಗಿಡದ ಕುಟುಂಬ, ಎರಡನೆಯದು ಕುಲ, ಮೂರನೆಯದು ಜಾತಿ, ಕೊನೆಯದು ಗಾಜು. ಕುತೂಹಲಕ್ಕೆ ಬೀರು ತೆಗೆದಳು. ನೂರಾ ತೊಂಬತ್ತೆಂಟನೆಯ ಕುಟುಂಬ, ಅಂದರೆ ಮುರಿದರೆ ಹಾಲು ಸುರಿಸುವ ಗಿಡಗಳು. ಅದರಲ್ಲಿ ಐವತ್ತೊಂದನೆಯ ಕುಲ, ನೂರನೆಯ ಜಾತಿ, ಎರಡನೆಯ ಗಾಜು. ಇತ್ತು. ಬೇಲಿಯಲ್ಲಿ ಬೆಳೆಯುವ ಒಂದು ಪೊದೆಯ ಎಲೆಯ ಮೇಲಿನ ರೋಮಗಳು. ಆಗಿನ್ನೂ ಬದುಕಿದ್ದ ಮೇಷ್ಟ್ರು, ಅಂದರೆ ಆ ಕೋಣೆಯನ್ನು ಕಟ್ಟಿ ಬೆಳೆಸಿದ ಹಿರಿಯ ವಿಜ್ಞಾನಿ, ಕನ್ನಡಕ ಹಣೆಗೇರಿಸಿ ನೋಡಿ, "ನೋಡಮ್ಮ, ನಿನ್ನ ತಾಣಕ್ಕೆ ತವರುಮನೆ ನಮ್ಮ ಬೀರುವಿನಲ್ಲೇ ಇದೆ" ಎಂದಿದ್ದರು. ಅಂದಿನಿಂದ ಆ ಸಂಖ್ಯೆಯ ಮೇಲೆ ಅವಳಿಗೆ ಒಂದು ಬಗೆಯ ಮಮತೆ.

ಮೇಷ್ಟ್ರು ಬಿಟ್ಟುಹೋದ ಆಸ್ತಿ ಎಂದರೆ ಎರಡು ನಿಯಮಗಳು. ಒಂದು, 'ಮೇಲಿನಂತೆ' ಎಂದು ಎಲ್ಲೂ ಬರೆಯಕೂಡದು. ಒಂದೇ ಗಿಡದಿಂದ ನೂರು ಗಾಜು ಮಾಡಿದರೂ ನೂರರ ಮೇಲೂ ಪೂರ್ತಿ ಸಂಖ್ಯೆ, ಪೂರ್ತಿ ಹೆಸರು. "ಮೇಲಿನ ಗಾಜು ಒಡೆದುಹೋದ ದಿನ ಕೆಳಗಿನದು ಅನಾಥ ಆಗತ್ತೆ" ಎನ್ನುತ್ತಿದ್ದರು. ಎರಡು, ಜೋಡಿ ಓದು. ಒಬ್ಬರು ಚೀಟಿ ಓದಬೇಕು, ಇನ್ನೊಬ್ಬರು ಗಾಜು ನೋಡಬೇಕು. ಓದಿದ್ದೂ ಕಂಡದ್ದೂ ಒಂದೇ ಆದರೆ ಮಾತ್ರ ಗಾಜುಗಳ ತಟ್ಟೆ ಬೀರುವಿನೊಳಕ್ಕೆ. ಓದುವವರು ಬರೆದಿರುವುದನ್ನು ಓದಬೇಕೇ ಹೊರತು ತಮಗೆ ಗೊತ್ತಿರುವುದನ್ನಲ್ಲ.

ಆ ಸೋಮವಾರ ಬೆಳಗ್ಗೆ ನಿರ್ದೇಶಕಿ ಅವಳನ್ನು ಕರೆಸಿದರು. ಮೇಜಿನ ಮೇಲೆ ಹೊಸ ಕಟ್ಟಡದ ನಕ್ಷೆ ಹರಡಿತ್ತು.

"ಕೂತ್ಕೋ. ಎರಡು ಸುದ್ದಿ ಇದೆ. ಶುಕ್ರವಾರ ನಿನ್ನ ಕೋಣೆ, ತಾಣ ಎಲ್ಲಾ ಹೊಸ ಕಟ್ಟಡಕ್ಕೆ ಹೋಗತ್ತೆ. ಅಲ್ಲಿ ನಿನ್ನ ನಂಬರು ಬರಲ್ಲ, ಅಲ್ಲಿಯ ನಂಬರೇ ಬೇರೆ."

ಸ್ಲೈಡಕ್ಕ ಕೂತಳು. ಯಾರೋ ಮನೆಯ ಗೋಡೆಯನ್ನು ಎತ್ತಿಕೊಂಡು ಹೋದಂತಾಯಿತು.

"ಇನ್ನೊಂದು, ಸಹಾಯವಾಣಿಯವರು ಬೇಜಾರು ಮಾಡ್ಕೊಂಡಿದ್ದಾರೆ. ಹೋದ ತಿಂಗಳು ಯಾರೋ ಫೋನಲ್ಲಿ ಐವತ್ತೊಂದು ಅನ್ನೋದನ್ನ ಹದಿನೈದು ಅಂತ ಬರ್ಕೊಂಡು, ಇಪ್ಪತ್ತು ನಿಮಿಷ ಎಲ್ಲೆಲ್ಲೋ ಹುಡುಕಿದ್ರಂತೆ. ಅಷ್ಟು ಹೊತ್ತು ಆ ಮಗು ವಾಂತಿ ಮಾಡ್ಕೊಂಡು ಮಲಗಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಬೇರೆ ಯಾರೋ ಅವರಿಗೆ ಸಿದ್ಧವಾಗಿರೋ ಒಂದು ಆ್ಯಪ್ ಕೊಡ್ತೀವಿ ಅಂತ ಬಂದಿದ್ದಾರೆ. ನಾನು ಗುರುವಾರದವರೆಗೆ ತಡೀರಿ ಅಂದೆ."

"ಗುರುವಾರ ಏನಾಗಬೇಕು ಮೇಡಂ?"

"ಗುರುವಾರ ಹನ್ನೊಂದು ಗಂಟೆಗೆ ಅವರು ಹೆಸರು ಟೈಪ್ ಮಾಡ್ತಾರೆ. ನಂಬರಲ್ಲ, ಹೆಸರು. ತಮಗೆ ಬೇಕಾದ ಹತ್ತು ಗಿಡ ಹುಡುಕ್ತಾರೆ. ಒಂದು ಪುಟ ತೆರೆಯದೆ ಹೋದ್ರೂ, ಒಂದು ಪುಟ ದಾರಿ ತಪ್ಪಿಸಿದ್ರೂ ಅವರು ಆ್ಯಪ್ ಕಡೆಗೆ. ಅದರಲ್ಲಿ ನಮ್ಮ ಗಾಜುಗಳು ಇರಲ್ಲ, ಬರೀ ಹೂವಿನ ಫೋಟೋ ಇರತ್ತೆ."

ನುಂಗಿದವನ ಹೊಟ್ಟೆಯಿಂದ ಹೂವು ಹೂವಾಗಿಯೇ ಹೊರಬರುವುದಿಲ್ಲವಲ್ಲ ಎಂದು ಸ್ಲೈಡಕ್ಕ ಅಂದುಕೊಂಡಳು. ಹದಿನಾಲ್ಕು ವರ್ಷಗಳನ್ನು ನಾಲ್ಕು ದಿನಕ್ಕೆ ತಂದು ನಿಲ್ಲಿಸಿದ ಲೆಕ್ಕವನ್ನು ಅವಳಿನ್ನೂ ನುಂಗುತ್ತಿದ್ದಳು.

ಹೆಸರಿನ ವಿಷಯದಲ್ಲಿ ಹೆಚ್ಚು ಜಗ್ಗಾಟವಾಗಲಿಲ್ಲ. ನಿರ್ದೇಶಕಿ ಸಂಸ್ಥೆಯ ಪೂರ್ತಿ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದ್ದರು; ಹನ್ನೊಂದು ಅಕ್ಷರ, ನಡುವೆ ಉಸಿರಾಡಲು ಒಂದು ಸ್ವರವೂ ಇಲ್ಲ. ಸ್ಲೈಡಕ್ಕ ಅದನ್ನು ಎರಡು ಸಲ ಓದಲು ನೋಡಿ, "ಮೇಡಂ, ಇದಕ್ಕಿಂತ ನಂಬರೇ ವಾಸಿ" ಎಂದಳು. "ನರ್ಸುಗಳು ತಮ್ಮತಮ್ಮಲ್ಲಿ 'ಎಲೆಗುರುತು ತೆಗಿ' ಅಂತಾರೆ. ಅವರು ಕರೆಯೋದನ್ನೇ ಇಟ್ಬಿಡಿ."

ನಿರ್ದೇಶಕಿ ಪೆನ್ನಿನಿಂದ ಹನ್ನೊಂದು ಅಕ್ಷರಗಳನ್ನೂ ಹೊಡೆದುಹಾಕಿದರು. ಎಲೆಗುರುತು, ಆಮೇಲೆ ಒಂದು ಚುಕ್ಕಿ, ಆಮೇಲೆ ಮೂರಕ್ಷರ. ಮಧ್ಯಾಹ್ನದೊಳಗೆ ಹೆಸರು ಸಂಸ್ಥೆಯದಾಗಿತ್ತು.

ಕಂಪ್ಯೂಟರ್ ವಿಭಾಗದಿಂದ ಬಂದವನನ್ನು ಕಟ್ಟಡದಲ್ಲಿ ಎಲ್ಲರೂ ಐದ್ನಿಮಿಷ ಎಂದೇ ಕರೆಯುತ್ತಾರೆ. ಏನು ಕೇಳಿದರೂ ಅವನ ಉತ್ತರ ಅದೊಂದೇ. ನಲವತ್ತು ದಾಟಿದ ಒಳ್ಳೆಯ ಮನುಷ್ಯ. ಕೆಲಸ ಬಲ್ಲವನು, ಗಡಿಯಾರ ಮಾತ್ರ ಬಲ್ಲವನಲ್ಲ. ಸ್ಲೈಡಕ್ಕನ ಪುಟವೊಂದರ ಒಳಗನ್ನು ತೆರೆದು ನೋಡಿ ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

"ಅಕ್ಕ, ಇದೇನಿದು? ಪ್ರತಿ ಕೊಂಡಿಯಲ್ಲೂ ಪೂರ್ತಿ ವಿಳಾಸ ಬರ್ದಿದ್ದೀರಿ."

"ಹೂಂ. ಪುಟಕ್ಕೆ ಹತ್ತು ಕೊಂಡಿ. ಹಿಂದಿನ ಗಾಜು, ಮುಂದಿನ ಗಾಜು, ಕುಲ, ಕುಟುಂಬ..."

"ಅದಲ್ಲ. ಒಂದೇ ತಾಣದೊಳಗೆ ಪುಟದಿಂದ ಪುಟಕ್ಕೆ ಹೋಗೋಕೆ ಪೂರ್ತಿ ವಿಳಾಸ ಬೇಕಿಲ್ಲ. ಪುಟದ ಹೆಸರಷ್ಟೇ ಸಾಕು, ಉಳಿದದ್ದು ಮೇಲಿನಂತೆ ಅಂತ ಅದೇ ತಿಳ್ಕೊಳ್ಳತ್ತೆ."

"ನಮ್ಮಲ್ಲಿ ಮೇಲಿನಂತೆ ಬರೆಯಲ್ಲ" ಎಂದಳು ಸ್ಲೈಡಕ್ಕ.

ಅವನು ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ ನಗತೊಡಗಿದ. "ಅಡುಗೆಮನೆಯಿಂದ ಹಜಾರಕ್ಕೆ ಹೋಗೋಕೆ ಊರು, ಬೀದಿ, ಮನೆ ನಂಬರು ಎಲ್ಲಾ ಹೇಳ್ಕೊಂಡು ಹೋದಹಾಗಾಯ್ತಲ್ಲಕ್ಕ. ಅದೂ ಅರವತ್ತು ಸಾವಿರ ಸಲ. ಬೆರಳು ಸವೀಲಿಲ್ವಾ?"

"ಬೆರಳಿದೆ. ನೀನು ಕೆಲಸ ನೋಡು."

"ಹೋಗ್ಲಿ ಬಿಡಿ. ಹಳೇ ಸಂಖ್ಯೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೊಸ ಹೆಸರು ಹಾಕು ಅಂತ ಒಂದೇ ಆಜ್ಞೆ ಕೊಟ್ರೆ ಮುಗೀತು. ಐದು ನಿಮಿಷ."

ಐದು ನಿಮಿಷ ನಲವತ್ತಾಯಿತು. ಮೊದಲು ಅವನು ಎಲ್ಲ ಪುಟಗಳ ಪ್ರತಿಯೊಂದನ್ನು ಹೊಸ ಕಟ್ಟಡದ ಯಂತ್ರಕ್ಕೆ ಕಳಿಸಿದ. ಹಳೆಯದು ಇಲ್ಲೇ, ಹಳೆಯ ಸಂಖ್ಯೆಯ ಮೇಲೆ, ಆಸ್ಪತ್ರೆಗಳಿಗೆ ಉತ್ತರ ಕೊಡುತ್ತ ಕೂತಿರಲಿ ಎಂದ. ಹೊಸ ಪ್ರತಿಯ ಮೇಲೆ ಆಜ್ಞೆ ಓಡಿಸಿದ. ಪರದೆಯ ಮೇಲೆ ಒಂದು ಸಾಲು ಬಂತು: ಬದಲಾದ ಸ್ಥಳಗಳು 61,445. ಆಮೇಲೆ ಕೊಂಡಿಗಳನ್ನು ಪರೀಕ್ಷಿಸುವ ಇನ್ನೊಂದು ಸಾಧನ ಓಡಿಸಿದ. ಅದು ತಾಣವನ್ನೆಲ್ಲ ಸುತ್ತಿ ಬಂದು ಹೇಳಿತು: ಮುರಿದ ಕೊಂಡಿಗಳು ಸೊನ್ನೆ.

"ನೋಡಿ. ಸೊನ್ನೆ. ನಿಮ್ಮ ಮೇಷ್ಟ್ರು ಇದ್ದಿದ್ರೆ ಬೆನ್ನು ತಟ್ಟೋರು." ಅವನು ಎದ್ದು ಕೈ ಒರೆಸಿಕೊಂಡ. ನಾಳೆ ನಾಡಿದ್ದು ಎರಡೂ ದಿನ ಹೊಸ ಕಟ್ಟಡದಲ್ಲಿ ತಂತಿ ಎಳೆಯುವ ಕೆಲಸ, ಅಲ್ಲೇ ಇರುತ್ತೇನೆ ಎಂದು ಹೇಳಿ ಹೊರಟುಹೋದ. ನಿರ್ದೇಶಕಿಗೆ ಸುದ್ದಿ ಮುಟ್ಟಿ, ಅವರು ಮಹಡಿ ಇಳಿದು ಬಂದು ಅಭಿನಂದಿಸಿಯೂ ಹೋದರು.

ಸ್ಲೈಡಕ್ಕ ಮಾತ್ರ ಪರದೆಯ ಮುಂದಿನಿಂದ ಏಳಲಿಲ್ಲ. 61,445. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಅದು ಅವಳನ್ನು ಕಾಡಿತು. ಲೇಬಲ್ಲು ಬರೆಯುವ ಪೆನ್ಸಿಲ್ಲಿನಿಂದ ಅಂಗೈಯ ಮೇಲೇ ಬರೆದಳು. ಆರು ಸಾವಿರದ ನೂರಾ ನಲವತ್ತು ಪುಟ, ಪುಟಕ್ಕೆ ಹತ್ತು. ಅರವತ್ತೊಂದು ಸಾವಿರದ ನಾನೂರು. ಮುಖಪುಟದಲ್ಲಿ ಎಂಟು. ಒಟ್ಟು 61,408.

ಮೂವತ್ತೇಳು ಹೆಚ್ಚಾಗಿತ್ತು.

ಮರುದಿನ ಬೆಳಗ್ಗೆ ಐದ್ನಿಮಿಷನಿಗೆ ಫೋನು ಮಾಡಿದಳು. ಆ ಕಡೆ ಗೋಡೆ ಕೊರೆಯುವ ಸದ್ದು.

"ಮೂವತ್ತೇಳು ಕೊಂಡಿ ಜಾಸ್ತಿ ಬರ್ದಿರ್ತೀರಿ, ಬಿಡಿ ಅಕ್ಕ."

"ನಾನು ಜಾಸ್ತಿ ಬರೆಯಲ್ಲ."

"ಅರವತ್ತು ಸಾವಿರದಲ್ಲಿ ಮೂವತ್ತೇಳು. ಅದೂ ಎಲ್ಲಾ ಕೊಂಡಿ ಸರಿಯಾಗಿ ತೆರೀತಾ ಇದೆ. ಮುರಿದದ್ದು ಒಂದೂ ಇಲ್ಲ ಅಂದ್ಮೇಲೆ ಇನ್ನೇನು ಬೇಕು ನಿಮ್ಗೆ?"

ಕಡಿಮೆಯಾಗಿದ್ದರೆ ಎಲ್ಲೋ ಮರೆತಿದ್ದೇನೆ ಎನ್ನಬಹುದಿತ್ತು. ಹೆಚ್ಚಾಗಿದೆ ಎಂದರೆ ಆ ಆಜ್ಞೆ ಮುಟ್ಟಬಾರದ ಎಲ್ಲಿಗೋ ಕೈ ಹಾಕಿದೆ ಎಂದು ಅರ್ಥ. ಅಷ್ಟು ಮಾತ್ರ ಗೊತ್ತಿತ್ತು. ಎಲ್ಲಿಗೆ ಎಂಬುದನ್ನು ಆರು ಸಾವಿರ ಪುಟಗಳಲ್ಲಿ ಹುಡುಕಬೇಕಿತ್ತು.

ಸಂಜೆ ಮನೆಯಲ್ಲಿ ಅವಳ ನಾದಿನಿ ಕಾಲು ಚಾಚಿ ಕೂತು ಸೈಕಲ್ಲಿನ ಬೆಲ್ಲಿಗೆ ಎಣ್ಣೆ ಬಿಡುತ್ತಿದ್ದಳು. ಗಂಡನ ತಂಗಿ, ಕೆಳಗಿನ ಮನೆಯಲ್ಲೇ ಇರುತ್ತಾಳೆ, ಇಪ್ಪತ್ತೆರಡು ವರ್ಷಗಳಿಂದ ಅಂಚೆ ಹಂಚುವವಳು. ಅತ್ತಿಗೆಯ ಮುಖ ನೋಡಿದ ಕೂಡಲೇ ಎಣ್ಣೆಯ ಡಬ್ಬಿ ಕೆಳಗಿಟ್ಟಳು.

"ಏನತ್ತಿಗೆ, ಗಾಜು ಒಡೀತಾ?"

ಸ್ಲೈಡಕ್ಕ ಎಲ್ಲವನ್ನೂ ಹೇಳಿದಳು. ನಾದಿನಿ ಕೇಳಿಸಿಕೊಂಡು ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು.

"ಹೊಸ ಮನೆಗೆ ಹೋಗ್ತೀರಿ, ಸರಿ. ಹಳೇ ವಿಳಾಸಕ್ಕೆ ಬಂದ ಕಾಗದದ ಗತಿ?"

"ಅಂದ್ರೆ?"

"ನೂರಾರು ಆಸ್ಪತ್ರೆ ಗೋಡೆ ಮೇಲೆ ನಿಮ್ಮ ನಂಬರಿನ ಚೀಟಿ ಅಂಟಿಸಿದ್ದಾರೆ ಅಂತ ನೀವೇ ಹೇಳ್ತಿದ್ರಲ್ಲ. ಶನಿವಾರ ಯಾರೋ ಆ ಚೀಟಿ ನೋಡ್ಕೊಂಡು ಬಂದ್ರೆ ಬಾಗಿಲು ಹಾಕಿರತ್ತೆ. ನಮ್ಮಲ್ಲಿ ಮನೆ ಬದಲಾಯಿಸೋರು ಒಂದು ಅರ್ಜಿ ಕೊಡ್ತಾರೆ. ಆರು ತಿಂಗಳು ಹಳೇ ವಿಳಾಸಕ್ಕೆ ಬಂದದ್ದನ್ನೆಲ್ಲ ನಾವೇ ಹೊಸದಕ್ಕೆ ತಲುಪಿಸ್ತೀವಿ."

ಸ್ಲೈಡಕ್ಕ ನಾಲಿಗೆ ಕಚ್ಚಿಕೊಂಡಳು. ಇಷ್ಟು ಜನ ಓದಿದವರು ಕೂತು ಯೋಚಿಸಿದ್ದೇವೆ, ಇದು ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲಿಂದಲೇ ನಿರ್ದೇಶಕಿಗೆ ಫೋನು ಹೋಯಿತು. ಹಳೆಯ ಸಂಪರ್ಕವನ್ನು ಶುಕ್ರವಾರ ಕಿತ್ತುಹಾಕದೆ ಇನ್ನೂ ಆರು ತಿಂಗಳು ಉಳಿಸಿಕೊಂಡು, ಆ ಸಂಖ್ಯೆಗೆ ಬಂದವರನ್ನೆಲ್ಲ ಹೊಸ ಹೆಸರಿಗೆ ದಾಟಿಸಬೇಕು ಎಂದು ಅವರು ಬರೆದುಕೊಂಡರು. "ಇದು ನಿನ್ನ ಯೋಚನೆಯಾ?" ಎಂದರು. "ಅಂಚೆ ಇಲಾಖೆಯದು" ಎಂದಳು ಸ್ಲೈಡಕ್ಕ.

"ಇನ್ನು ಆ ಮೂವತ್ತೇಳು" ಎಂದಳು ನಾದಿನಿ. "ನಾಳೆ ನನಗೆ ವಾರದ ರಜೆ. ನಿಮ್ಮ ಜೋಡಿ ಓದಿಗೆ ಒಬ್ರು ಕಡಿಮೆ ಅಲ್ವಾ?"

"ನಿನಗೆ ಗಿಡದ ಹೆಸರು ಒಂದೂ ಬರಲ್ಲ."

"ನನಗೆ ಜನರ ಹೆಸರೂ ಬರಲ್ಲ ಅತ್ತಿಗೆ. ಲಕೋಟೆ ಮೇಲೆ ಏನಿದೆಯೋ ಅದನ್ನ ಓದ್ತೀನಿ. ಅಣ್ಣನಿಗೆ ಬಂದ ಕಾಗದಾನೂ ಹೆಸರು ತಪ್ಪಾಗಿದ್ರೆ ವಾಪಸ್ ಕಳಿಸಿದವಳು ನಾನು."

ಅದು ನಿಜ. ಸ್ಲೈಡಕ್ಕನ ಗಂಡ ಆ ವಿಷಯಕ್ಕೆ ಎರಡು ತಿಂಗಳು ತಂಗಿಯ ಜೊತೆ ಮಾತು ಬಿಟ್ಟಿದ್ದ.

ಬುಧವಾರ ಬೆಳಗ್ಗೆ ಎಂಟಕ್ಕೇ ಇಬ್ಬರೂ ಮೂರನೇ ಮಹಡಿಯಲ್ಲಿದ್ದರು. ನಾದಿನಿ ಕಂಪ್ಯೂಟರಿನ ಮುಂದೆ, ಹೊಸ ಹೆಸರಿನ ತಾಣ ತೆರೆದುಕೊಂಡು. ಸ್ಲೈಡಕ್ಕ ಅವಳಿಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕ ಇಟ್ಟುಕೊಂಡು, ಪಕ್ಕದಲ್ಲಿ ಗಾಜಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು. ಆರು ಸಾವಿರವನ್ನೂ ಒಂದು ದಿನದಲ್ಲಿ ಓದಲಾಗದು. ಹಾಗಾಗಿ ಸಹಾಯವಾಣಿಯವರು ಹೆಚ್ಚು ಕೇಳುವ ಕುಟುಂಬಗಳನ್ನು ಅವಳು ಮೊದಲು ಆರಿಸಿದ್ದಳು. ಗಂಟೆ ಹೂವಿನವು, ಕಹಿ ಸೌತೆಯ ಜಾತಿಯವು, ಆಮೇಲೆ ಹಾಲು ಸುರಿಸುವವು.

ನಾದಿನಿ ಬಾಗಿಲ ಬಳಿ ನಿಂತು ಹೆಸರು ಕೂಗುವ ದನಿಯಲ್ಲೇ ಓದಿದಳು. ಸಂಖ್ಯೆ ಹೇಳುತ್ತಿದ್ದಂತೆ ಸ್ಲೈಡಕ್ಕನ ಬೆರಳು ತಟ್ಟೆಯಿಂದ ಗಾಜನ್ನು ಎತ್ತುತ್ತಿತ್ತು, ನೋಡುತ್ತಿತ್ತು ಕಣ್ಣು, ಹೇಳುತ್ತಿತ್ತು ಬಾಯಿ. "ಕಾಂಡದ ಅಡ್ಡಕೊಯ್ತ." "ಸರಿ." "ಬೀಜದ ಸಿಪ್ಪೆ." "ಸರಿ." ಹನ್ನೊಂದರ ಹೊತ್ತಿಗೆ ಐನೂರು ಗಾಜು ದಾಟಿತ್ತು. ಒಂದೂ ತಪ್ಪಿಲ್ಲ. ನಾದಿನಿಯ ಗಂಟಲು ಒಣಗಿ, ಚಹಾ ಬಂದು, ಅದು ತಣ್ಣಗಾಗಿ ಕೆನೆ ಕಟ್ಟಿತು.

"ನೂರಾ ತೊಂಬತ್ತೆಂಟು ಚುಕ್ಕಿ ಐವತ್ತೊಂದು ಚುಕ್ಕಿ ನೂರು ಚುಕ್ಕಿ ಒಂದು."

"ಎಲೆಯ ಅಡ್ಡಕೊಯ್ತ."

"ಸರಿ. ಮುಂದಿನದು, ಎಲೆಗುರುತು."

ಸ್ಲೈಡಕ್ಕನ ಕೈ ತಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತು. "ಸಂಖ್ಯೆ ಓದು."

"ಸಂಖ್ಯೆ ಇಲ್ಲ ಅತ್ತಿಗೆ. ಸಂಖ್ಯೆ ಇರೋ ಜಾಗದಲ್ಲಿ ಎಲೆಗುರುತು ಚುಕ್ಕಿ ಮೂರಕ್ಷರ ಅಂತಿದೆ, ಅಷ್ಟೇ."

"ಅದು ತಾಣದ ಹೆಸರು."

"ಇರಬಹುದು. ಬರ್ದಿರೋದು ಇದೇ."

ಹಿಂದಕ್ಕೆ ತಿರುಗದೆಯೇ ಸ್ಲೈಡಕ್ಕ ತಟ್ಟೆಯಿಂದ ಎರಡನೆಯ ಗಾಜನ್ನು ಎತ್ತಿದಳು. ಅದರ ಮೂಲೆಯ ಚೀಟಿಯಲ್ಲಿ ಮೇಷ್ಟ್ರ ಓರೆಯಕ್ಷರ: 198.51.100.2. ಎಲೆಯ ರೋಮ. ಹದಿನಾಲ್ಕು ವರ್ಷ ಮುದ್ದು ಮಾಡಿಕೊಂಡು ಬಂದ ಸಂಖ್ಯೆ. ಬಂದವರಿಗೆಲ್ಲ ಕಥೆಯಂತೆ ಹೇಳಿದ ಸಂಖ್ಯೆ. ಅದನ್ನು ಹೇಳಲೇಬೇಕಿದ್ದ ಒಬ್ಬನಿಗೆ ಮಾತ್ರ ಹೇಳಿರಲಿಲ್ಲ. ಹಳೇ ಸಂಖ್ಯೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೊಸ ಹೆಸರು ಹಾಕು. ಆಜ್ಞೆ ಹಾಗೇ ಮಾಡಿತ್ತು. ಗಾಜಿಗೂ ವಿಳಾಸಕ್ಕೂ ಅದಕ್ಕೇನು ವ್ಯತ್ಯಾಸ ಗೊತ್ತು?

"ಇಪ್ಪತ್ತನೇ ಗಾಜಿನ ಪುಟ ತೆಗಿ" ಎಂದಳು.

"ತೆಗೆದೆ. ಎಲೆಗುರುತು ಚುಕ್ಕಿ ಮೂರಕ್ಷರ, ಅದಕ್ಕೆ ಅಂಟ್ಕೊಂಡು ಒಂದು ಸೊನ್ನೆ."

"ಇಪ್ಪತ್ತೈದು."

"ಅದೇ, ಕೊನೇಲಿ ಐದು."

ಇಪ್ಪತ್ತರಿಂದ ಇಪ್ಪತ್ತಾರರವರೆಗೆ ಎಲ್ಲವೂ ಹಾಗೇ ಆಗಿದ್ದವು. ಆ ಗಿಡಕ್ಕೆ ಇಪ್ಪತ್ತಾರು ಗಾಜು. ಎರಡರಿಂದ ಶುರುವಾಗುವವು ಎಂಟು: ಎರಡು, ಮತ್ತೆ ಇಪ್ಪತ್ತರಿಂದ ಇಪ್ಪತ್ತಾರು. ಪ್ರತಿ ಗಾಜಿನ ಸಂಖ್ಯೆಯೂ ನಾಲ್ಕು ಕಡೆ ಬರುತ್ತದೆ, ಪುಟದ ತಲೆಯಲ್ಲಿ, ಚಿತ್ರದ ಕೆಳಗೆ, ಗಿಡದ ಪಟ್ಟಿಯಲ್ಲಿ, ಕುಟುಂಬದ ಪಟ್ಟಿಯಲ್ಲಿ. ಮೂವತ್ತೆರಡು. ಇನ್ನೂ ಐದು ಬೇಕಿತ್ತು, ಮತ್ತು ಅವು ಎಲ್ಲಿವೆ ಎಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಈ ಪೊದೆಯ ಬೀಜ ಕೆಟ್ಟ ವಿಷ. ಪಕ್ಕದ ಕುಲದ ನಿರುಪದ್ರವಿ ಬೀಜವೊಂದು ನೋಡಲು ಥೇಟ್ ಅದರಂತೆಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಅವಳೇ ಒಂದು ಹೋಲಿಕೆಯ ಕೋಷ್ಟಕ ಮಾಡಿದ್ದಳು: ಹೀಗಿದ್ದರೆ ಈ ಸಂಖ್ಯೆಯ ಗಾಜು ನೋಡಿ, ಹಾಗಿದ್ದರೆ ಆ ಸಂಖ್ಯೆಯದು. ನಾದಿನಿ ಕೋಷ್ಟಕ ತೆರೆದು ಓದಿದಳು. ವಿಷದ ಬೀಜದ ಕಡೆಯ ಐದು ಸಂಖ್ಯೆಗಳೂ ಮಾಯ. ನಿರುಪದ್ರವಿಯ ಕಡೆಯವು ಮಾತ್ರ ಗಟ್ಟಿಯಾಗಿ ಕೂತಿದ್ದವು. ಅವಸರದಲ್ಲಿರುವ ನರ್ಸು ಯಾವ ಕಡೆ ಹೋಗುತ್ತಿದ್ದಳು ಎಂದು ಹೇಳಬೇಕಾಗಿರಲಿಲ್ಲ.

ಮೂವತ್ತೇಳು ಸಿಕ್ಕಿತ್ತು.

"ಗೊತ್ತಿರೋ ಯಾರಾದ್ರೂ ಓದಿದ್ರೆ" ಎಂದಳು ಸ್ಲೈಡಕ್ಕ ನಿಧಾನವಾಗಿ, "ತಾಣದ ಹೆಸರು ತಾನೇ ಅಂತ ದಾಟಿ ಮುಂದೆ ಹೋಗೋರು. ನಾನೂ ಹೋಗ್ತಿದ್ದೆ."

"ಗೊತ್ತಿಲ್ಲದೆ ಇರೋದು ಒಂದೊಂದು ಸಲ ಉಪಯೋಗಕ್ಕೆ ಬರತ್ತೆ ಅನ್ನಿ" ಎಂದು ನಾದಿನಿ ಕೆನೆಗಟ್ಟಿದ ಚಹಾವನ್ನೇ ಕುಡಿದಳು.

ಐದ್ನಿಮಿಷ ಮಧ್ಯಾಹ್ನ ಮೂರಕ್ಕೆ ಏದುಸಿರು ಬಿಡುತ್ತ ಬಂದ. ತಲೆಯ ತುಂಬ ಗೋಡೆಯ ಪುಡಿ. ಕೋಷ್ಟಕ ನೋಡಿ ಅವನ ನಗು ಹಾರಿಹೋಯಿತು. ಕುರ್ಚಿಯಲ್ಲಿ ಕುಸಿದು, "ನಾನು ನಿಮ್ಮ ಮಾತು ಕೇಳ್ಬೇಕಿತ್ತು" ಎಂದ.

"ನಾನು ಆ ಗಾಜಿನ ವಿಷಯ ಹೇಳ್ಬೇಕಿತ್ತು. ಇಬ್ಬರದೂ ಒಂದೊಂದು ತಪ್ಪು. ಈಗ ಆ ಮೂವತ್ತೇಳನ್ನ ಕೈಯಲ್ಲೇ ತಿದ್ದೋಣ್ವಾ?"

"ಕೈಯಲ್ಲಿ ತಿದ್ದಿದ್ರೆ ಮೂವತ್ತೆಂಟನೇದು ಎಲ್ಲಾದ್ರೂ ಉಳೀತಾ ಅಂತ ನಾಳೆ ನೀವೇ ಕೇಳ್ತೀರಿ." ಅವನು ಗಲ್ಲ ಕೆರೆದುಕೊಂಡ. "ಹಳೇ ಪ್ರತಿಯಿಂದ ಮತ್ತೆ ಶುರು ಮಾಡ್ಬೇಕು. ಆದ್ರೆ ಯಂತ್ರಕ್ಕೆ ಇದು ವಿಳಾಸ, ಇದು ಗಾಜು ಅಂತ ಹೇಗೆ ಹೇಳೋದು? ಎರಡೂ ಅಕ್ಷರಕ್ಷರ ಒಂದೇ..."

ಅವನು ಒಂದು ಪುಟದ ಒಳಗನ್ನು ತೆರೆದು ಸುಮ್ಮನೆ ನೋಡುತ್ತ ಕೂತ. ಆಮೇಲೆ ಇನ್ನೊಂದು ಪುಟ. ಇನ್ನೊಂದು.

"ಅಕ್ಕ. ನೀವು ಕೊಂಡಿ ಬರೆಯೋವಾಗ ಪ್ರತಿ ಸಲವೂ ಮುಂದಿನ ಭಾಗ ಸೇರಿಸಿಯೇ ಬರ್ದಿದ್ದೀರಾ? ಎಚ್‌ಟಿಟಿಪಿ, ಒಂದರ ಮೇಲೊಂದು ಎರಡು ಚುಕ್ಕಿ, ಎರಡು ಓರೆಗೆರೆ?"

"ಪೂರ್ತಿ ವಿಳಾಸ ಅಂದ್ರೆ ಪೂರ್ತಿ."

"ಒಂದು ಸಲವೂ ಬಿಟ್ಟಿಲ್ಲ? ಬೇಜಾರಾದಾಗ, ಜ್ವರ ಬಂದಾಗ, ಯಾವತ್ತೂ?"

"ಜ್ವರ ಬಂದ್ರೆ ರಜೆ ಹಾಕ್ತೀನಿ."

ಐದ್ನಿಮಿಷ ಮೇಜು ತಟ್ಟಿದ. "ಹಾಗಾದ್ರೆ ಗೆದ್ವಿ. ಮುಂದೆ ಎರಡು ಓರೆಗೆರೆ ಇರೋ ಸಂಖ್ಯೆ ವಿಳಾಸ. ಇಲ್ಲದ ಸಂಖ್ಯೆ ಗಾಜು. ನೀವು ನನ್ನಂಥ ಸೋಮಾರಿಯಾಗಿ ಅಲ್ಲೊಂದು ಇಲ್ಲೊಂದು ಮೊಟಕು ಮಾಡಿದ್ರೆ ಇದನ್ನ ಬಿಡಿಸೋಕೆ ಆಗ್ತಾನೇ ಇರ್ಲಿಲ್ಲ." ಅವನ ಬೆರಳುಗಳು ಆಗಲೇ ಓಡುತ್ತಿದ್ದವು. ಹೊಸ ಆಜ್ಞೆಯನ್ನು ಎರಡು ಸಲ ಓದಿದ, ನಾದಿನಿಯ ಕೈಯಲ್ಲೂ ಅಕ್ಷರಕ್ಷರ ಓದಿಸಿದ, ಆಮೇಲೆ ಒತ್ತಿದ. ಎಷ್ಟು ಹೊತ್ತು ಆಗುತ್ತದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂವರೂ ಪರದೆಯ ಮುಂದೆ ನಿಂತಿದ್ದರು. ಕಿಟಕಿಯ ಬಿಸಿಲು ಗಾಜಿನ ತಟ್ಟೆಗಳ ಮೇಲೆ ಬಿದ್ದು ಗೋಡೆಯಲ್ಲಿ ಕೆಂಪು ಹಸಿರು ಚೂರುಗಳಾಗಿ ಹರಡಿತ್ತು. ಸಾಲು ಬಂತು.

ಬದಲಾದ ಸ್ಥಳಗಳು 61,408.

ಸ್ಲೈಡಕ್ಕ ಅಂಗೈ ನೋಡಿಕೊಂಡಳು. ಎರಡು ದಿನಗಳ ಹಿಂದಿನ ಪೆನ್ಸಿಲ್ ಗುರುತು ಯಾವಾಗಲೋ ಅಳಿಸಿಹೋಗಿತ್ತು, ಆದರೆ ಆ ಸಂಖ್ಯೆಗೆ ಈಗ ಅಂಗೈ ಬೇಕಿರಲಿಲ್ಲ. ಹದಿನಾಲ್ಕು ವರ್ಷ, ಅರವತ್ತೊಂದು ಸಾವಿರದ ನಾನೂರೆಂಟು ಸಲ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತನ್ನ ಕೆಲಸವನ್ನು ತಾನೇ ಹೀಗೆ ಮುಖಾಮುಖಿ ನೋಡಿದ್ದು ಅವಳಿಗೆ ಇದೇ ಮೊದಲು. ಕಣ್ಣು ಮಂಜಾಯಿತು. ಸೂಕ್ಷ್ಮದರ್ಶಕ ನೋಡಿ ನೋಡಿ ಹೀಗಾಗಿದೆ ಎಂದು ಸೆರಗಿನಿಂದ ಒರೆಸಿಕೊಂಡಳು. ಉಳಿದಿಬ್ಬರೂ ನಂಬಿದಂತೆ ಮಾಡಿದರು.

ಸಂಜೆಯವರೆಗೆ ನಾದಿನಿ ಆ ಕುಟುಂಬದ ಉಳಿದ ಪುಟಗಳನ್ನೆಲ್ಲ ಓದಿ ಮುಗಿಸಿದಳು. ಗಂಟಲು ಕೂತುಹೋಗಿ ಗುರುವಾರ ಅವಳು ಬೀದಿಯಲ್ಲಿ ಹೆಸರು ಕೂಗುವ ಬದಲು ಬೆಲ್ಲು ಬಾರಿಸಿಕೊಂಡೇ ಕಾಗದ ಹಂಚಿದಳಂತೆ.

ಗುರುವಾರ ಹನ್ನೊಂದಕ್ಕೆ ನಿರ್ದೇಶಕಿಯ ಕೋಣೆಯಲ್ಲಿ ಫೋನಿನ ಸ್ಪೀಕರು ಹಾಕಿ ಮೂವರು ಕೂತರು, ನಿರ್ದೇಶಕಿ, ಸ್ಲೈಡಕ್ಕ, ತಲೆ ತೊಳೆದುಕೊಂಡು ಬಂದ ಐದ್ನಿಮಿಷ. ಆ ಕಡೆ ಸಹಾಯವಾಣಿಯ ಹಿರಿಯ ನರ್ಸು. ಮೂವತ್ತು ವರ್ಷ ಗಾಬರಿಯಾದ ತಂದೆತಾಯಿಗಳನ್ನು ಸಮಾಧಾನ ಮಾಡಿ ಮಾಡಿ ಅವಳ ದನಿ ಗಡುಸಾಗಿತ್ತು.

"ವಿಳಾಸ ಹೇಳಿ."

ನಿರ್ದೇಶಕಿ ಸ್ಲೈಡಕ್ಕನ ಕಡೆ ಕೈ ತೋರಿಸಿದರು. ಸ್ಲೈಡಕ್ಕ ಬಾಯಿ ತೆರೆದಳು. ಅಭ್ಯಾಸಬಲದಿಂದ ನೂರಾ ತೊಂಬತ್ತೆಂಟು ಎಂದು ಬರುವುದರಲ್ಲಿತ್ತು. ತಡೆದುಕೊಂಡು ಹೇಳಿದಳು.

"ಎಲೆಗುರುತು."

"ನಾವು ಕರೆಯೋ ಹೆಸರೇ ಅದು" ಎಂದಿತು ಫೋನು. ಕೀಲಿಗಳ ಟಕಟಕ. "ಬಂತು."

ಹತ್ತು ಗಿಡಗಳ ಪರೀಕ್ಷೆ ನಡೆಯಿತು. ನರ್ಸು ಒಂದೊಂದೇ ಲಕ್ಷಣ ಹೇಳುತ್ತ, ತಾನೇ ಕೊಂಡಿಯಿಂದ ಕೊಂಡಿಗೆ ಹೋಗುತ್ತ, ಗಾಜಿನ ಸಂಖ್ಯೆ ಓದುತ್ತಿದ್ದಳು. ಪ್ರತಿ ಸಲ "ಸರಿ" ಎನ್ನುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ಐದ್ನಿಮಿಷ ಉಸಿರು ಬಿಡುತ್ತಿರಲಿಲ್ಲ. ಒಂಬತ್ತಾದವು.

"ಕೊನೇದು. ಹೋದ ತಿಂಗಳ ಆ ಮಗು ನುಂಗಿತ್ತಲ್ಲ, ಅದರ ಚೂರು ಇಲ್ಲೇ ಇಟ್ಕೊಂಡಿದ್ದೀನಿ. ಆವತ್ತು ತಾಣ ಸಿಗೋದರೊಳಗೆ ವೈದ್ಯರು ಬೇರೆ ದಾರಿ ನೋಡ್ಕೊಂಡ್ರು. ಯಾವ ಬೀಜ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ನೋಡ್ತಿದ್ದೀನಿ." ಗಾಜು ಸರಿದ ಸಣ್ಣ ಸದ್ದು. "ಸಿಪ್ಪೆ ಎರಡು ಪದರ. ಹೊರಗಿನದು ಕಂಬ ಕಂಬ ನಿಲ್ಲಿಸಿದ ಹಾಗಿದೆ. ಹೋಲಿಕೆಯ ಕೋಷ್ಟಕ ಅಂತಿದೆ, ಅದಕ್ಕೆ ಹೋಗ್ತೀನಿ."

ಸ್ಲೈಡಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಕಂಬಗಳು ಉದ್ದವಾಗಿದ್ದರೆ, ನೂರಾ ತೊಂಬತ್ತೆಂಟು ಚುಕ್ಕಿ ಐವತ್ತೊಂದು ಚುಕ್ಕಿ ನೂರು ಚುಕ್ಕಿ ಇಪ್ಪತ್ತೈದು." ಟಕ್. ಈ ಸಲದ ಮೌನ ಉದ್ದವಾಗಿತ್ತು. ಆಮೇಲೆ ಬಂದ ದನಿಯಲ್ಲಿ ಗಡುಸು ಇರಲಿಲ್ಲ. "ಇದೇ. ತದ್ವತ್ ಇದೇ. ಬೇಲಿಯ ಪೊದೆ. ಹಾಗಾದ್ರೆ ಆ ಮಗು ನುಂಗಿದ್ದು ಅರ್ಧ ಬೀಜ ಅಷ್ಟೇ ಇರಬೇಕು, ಅದಕ್ಕೇ ಬದುಕ್ತು. ಆ ಬೇಲಿ ಇವತ್ತೇ ಕಡಿಸ್ಬೇಕು. ಆ ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳಿದ್ದಾರೆ."

ಸ್ಲೈಡಕ್ಕ ಮೇಜಿನ ಅಂಚು ಬಿಟ್ಟಳು.

"ಕೇಳಿಸ್ತಿದೆಯಾ? ಎಷ್ಟು ಹೊತ್ತಾಯ್ತು ಗೊತ್ತಾ? ಹೆಸರು ಕೇಳಿದಾಗಿಂದ ಈ ಬೀಜದವರೆಗೆ, ಒಂದೇ ಗಿಡ ಆಗಿದ್ರೆ ಎರಡು ನಿಮಿಷ. ಆ್ಯಪ್‌ನವರಿಗೆ ಬರಬೇಡಿ ಅಂತ ನಾನೇ ಹೇಳ್ತೀನಿ. ಯಾರು ಮಾಡಿದ್ದು ಈ ಕೋಷ್ಟಕ?"

"ನಮ್ಮ ಸ್ಲೈಡಕ್ಕ" ಎಂದರು ನಿರ್ದೇಶಕಿ. ಕೋಷ್ಟಕದ ಮೇಲೆ ಸಂಸ್ಥೆಯ ಹೆಸರಿತ್ತು, ಅವರದೂ ಇತ್ತು. ಅವರು ಅದನ್ನು ಹೇಳಲಿಲ್ಲ.

"ಅವಳು ಅಲ್ಲಿದ್ರೆ ಹೇಳಿ, ಇಲ್ಲಿ ಆರು ಜನ ನರ್ಸುಗಳು ನಿಂತ್ಕೊಂಡು ಚಪ್ಪಾಳೆ ತಟ್ತಿದ್ದಾರೆ ಅಂತ."

ನಿಜಕ್ಕೂ ತಟ್ಟುತ್ತಿದ್ದರು. ಆ ಸಣ್ಣ ಸ್ಪೀಕರಿನಿಂದ ಅದು ಕಾದ ಬಾಣಲೆಗೆ ನೀರು ಬಿದ್ದಂತೆ ಕೇಳಿಸಿತು. ಐದ್ನಿಮಿಷ ಎದ್ದು ನಿಂತು ತಾನೂ ತಟ್ಟಿದ. ನಿರ್ದೇಶಕಿ ಹೊಸ ಕಟ್ಟಡದ ನಕ್ಷೆಯನ್ನು ಎಳೆದುಕೊಂಡು, ನೆಲಮಹಡಿಯ ಗೋದಾಮಿನ ಪಕ್ಕ ಸ್ಲೈಡಕ್ಕನಿಗೆಂದು ಗುರುತು ಮಾಡಿದ್ದ ಚೌಕವನ್ನು ಹೊಡೆದುಹಾಕಿ, ಉತ್ತರದ ಬೆಳಕು ಬರುವ ದೊಡ್ಡ ಕೋಣೆಯ ಮೇಲೆ 'ಎಲೆಗುರುತು' ಎಂದು ಬರೆದರು.

ಶುಕ್ರವಾರ ಬೆಳಗ್ಗೆ ಗಾಡಿ ಬರುವ ಮುಂಚೆ ಸ್ಲೈಡಕ್ಕ ಕೊನೆಯ ತಟ್ಟೆಯನ್ನು ಕಟ್ಟುತ್ತಿದ್ದಳು. ನಾದಿನಿ ಅಂಚೆ ಚೀಲ ಹೆಗಲಿಗೆ ಹಾಕಿಕೊಂಡೇ ಒಂದು ಗಳಿಗೆ ಮೇಲೆ ಹತ್ತಿ ಬಂದಿದ್ದಳು. ಗಂಟಲು ಇನ್ನೂ ಕೂತಿತ್ತು.

"ಓದು, ಕೊನೇದು" ಎಂದಳು ಸ್ಲೈಡಕ್ಕ, ಗಾಜನ್ನು ಬೆಳಕಿಗೆ ಹಿಡಿದು.

ನಾದಿನಿ ಪಟ್ಟಿಯ ಮೇಲೆ ಬಗ್ಗಿ, ಪಿಸುದನಿಯಲ್ಲೇ ಓದಿದಳು. "ನೂರಾ ತೊಂಬತ್ತೆಂಟು ಚುಕ್ಕಿ, ಐವತ್ತೊಂದು ಚುಕ್ಕಿ, ನೂರು ಚುಕ್ಕಿ, ಎರಡು."

"ಎಲೆಯ ರೋಮ" ಎಂದಳು ಸ್ಲೈಡಕ್ಕ. "ಸರಿ."

ಹದಿನಾಲ್ಕು ವರ್ಷ ಎರವಲು ಕೊಟ್ಟಿದ್ದ ಸಂಖ್ಯೆಯನ್ನು ಗಾಜಿಗೇ ಹಿಂತಿರುಗಿಸಿದಂತೆ, ಅದನ್ನು ತಟ್ಟೆಯ ಸಾಲಿನಲ್ಲಿ ಅದರ ಜಾಗಕ್ಕೆ ಮಲಗಿಸಿ ಮುಚ್ಚಳ ಹಾಕಿದಳು. ಮೇಜಿನ ಮೇಲೆ ಫೋನು ರಿಂಗಾಯಿತು. ಯಾವುದೋ ಆಸ್ಪತ್ರೆ. ವಿಳಾಸ ಬೇಕಂತೆ. ಸ್ಲೈಡಕ್ಕ ಒಂದೇ ಮಾತಿನಲ್ಲಿ ಹೇಳಿ, ಫೋನಿಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು.